ಇಂದಿನ ಚಿಂತನೆ: ಕೋಲು ಕಾಣದಾಗ



ನಮ್ಮ ಹಿತ್ತಿಲಲ್ಲಿ ಅವ್ವ ನಾಟಿ ಕೋಳಿ ಸಾಕಿದ್ದಾಳೆ. ಮಳೆಗಾಲದಲ್ಲಿ ಬೀದಿಯಿಂದ ತಂದ ನಾಯಿಮರಿ ಬೆಳೆದು, ಒಂದು ಬೆಳಿಗ್ಗೆ ಕೋಳಿಮರಿಯನ್ನು ಅಟ್ಟಿಸಿಕೊಂಡು ಹೋಗಿ ಕೊಂದಿತು. ಕೋಲು ತೆಗೆದುಕೊಂಡು ಹೊಡೆದೆ. ಆಮೇಲೆ ನನ್ನೆದುರು ಅದು ಕೋಳಿಗಳತ್ತ ತಿರುಗಿಯೂ ನೋಡಲಿಲ್ಲ. ಬುದ್ಧಿ ಬಂತು ಎಂದುಕೊಂಡೆ. ವಾರದೊಳಗೆ, ನಾನು ಶಾಲೆಯಲ್ಲಿದ್ದಾಗ, ಇನ್ನೊಂದು ಮರಿ ಸತ್ತಿತ್ತು. ನಾಯಿ ಕಲಿತದ್ದು ನನ್ನ ಕೋಲಿಗೆ ಹೆದರುವುದನ್ನು ಮಾತ್ರ.

ಮತ್ತೆ ಕೋಲೆತ್ತಿದಾಗ ಮಗಳು ಕೇಳಿದಳು: "ಅಪ್ಪಾ, ಮರಿಗೆ ನೋವಾಯ್ತು ಅಂತ ಹೊಡೀತೀಯಾ, ನಮ್ಮ ಕೋಳಿ ಹೋಯ್ತು ಅಂತ ಹೊಡೀತೀಯಾ? ಭಾನುವಾರ ನಾವೂ ತಿಂತೀವಲ್ಲ?"

ಕೈ ತಾನಾಗಿ ಇಳಿಯಿತು. ನಾನು ಹೊಡೆದದ್ದು ನಷ್ಟದ ಸಿಟ್ಟಿನಿಂದ. ಅದರಲ್ಲಿ ಕರುಣೆ ಇರಲಿಲ್ಲ.

ಪಶುವೈದ್ಯರು ಹೇಳಿದಂತೆ ಮೊದಲಿನಿಂದ ಶುರು ಮಾಡಿದೆವು. ನಡುವೆ ತಂತಿ ಬಲೆ, ನಾಯಿಗೆ ಹಗ್ಗ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ, ಅದರಲ್ಲಿ ದ್ವೇಷವಿಲ್ಲ. ಅದಕ್ಕೇ ಮೊದಲು ದೂರದಲ್ಲಿ ಕೂರಿಸಿದೆವು. ಕೋಳಿಯಿಂದ ಕಣ್ಣು ತೆಗೆದು ನಮ್ಮತ್ತ ನೋಡಿದ ಕೂಡಲೇ ಒಂದು ಚೂರು ರೊಟ್ಟಿ. ದಿನಕ್ಕೆ ಹತ್ತು ನಿಮಿಷ, ದಿನೇ ದಿನೇ ಸ್ವಲ್ಪ ಹತ್ತಿರ. ಎರಡು ತಿಂಗಳಾಯಿತು. ಈಗ ಕೋಳಿಗಳು ಕೆದಕುವಾಗ ಅದು ಪಕ್ಕದಲ್ಲೇ ಮಲಗುತ್ತದೆ. ಆದರೂ ಮನೆಯಲ್ಲಿ ಯಾರೂ ಇಲ್ಲದಾಗ ಕೋಳಿಗಳನ್ನು ಗೂಡಿಗೆ ಹಾಕಿಯೇ ಹೋಗುತ್ತೇವೆ. ಅದರ ಮೇಲೆ ಹೊರಲಾರದ ಭಾರ ಹೊರಿಸಬಾರದು.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನಿಯಮ ಬೇರೆ, ತತ್ವ ಬೇರೆ ಎಂದು ಬಿಡಿಸಿ ತೋರಿಸಿದರು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ನಿಯಮವೆನ್ನದೆ ತತ್ವವೆಂದೇ ವಿವರಿಸಿದರು. ಕೊಲ್ಲುವ ಅಗತ್ಯಕ್ಕೂ ಕೊಲ್ಲುವ ಇಚ್ಛೆಗೂ ಇರುವ ಅಂತರ ಹೇಳಿದರು. ನಾಯಿಗೆ ತತ್ವ ತಿಳಿಯದು, ಅಭ್ಯಾಸವಾದರೆ ಸಾಕು. ತಿಳಿದು ನಡೆಯುವ ಹೊಣೆ ಮನುಷ್ಯರಾದ ನಮ್ಮದು. ಯಾರೋ ನೋಡುತ್ತಾರೆಂದು ಪಾಲಿಸುವ ಪಂಚಶೀಲ, ಕೋಲು ಕಂಡಾಗ ಸುಮ್ಮನಿರುವ ನಾಯಿಯ ಶೀಲದಷ್ಟೇ.

ಮಗಳ ಭಾನುವಾರದ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಗದರಿಸಿ ಅವಳ ಬಾಯಿ ಮುಚ್ಚಿಸುವುದಿಲ್ಲ, ಜೊತೆಯಲ್ಲಿ ಕೂತು ಯೋಚಿಸುತ್ತೇನೆ. ಆದರೆ ತರಗತಿಯ ಮೇಜಿನ ಮೇಲೆ, ಹೆದರಿಸಲೆಂದೇ ಇಟ್ಟಿದ್ದ ಬೆತ್ತವನ್ನು ಆ ವಾರವೇ ತೆಗೆದುಬಿಟ್ಟೆ. ಮೊದಲ ದಿನ ಮಕ್ಕಳ ಗದ್ದಲ ಜೋರಾಗಿತ್ತು. ಇಷ್ಟು ದಿನ ನಾನು ಶಿಸ್ತು ಎಂದುಕೊಂಡದ್ದು ಏನು ಎಂಬುದು ಅವತ್ತು ಗೊತ್ತಾಯಿತು.

ನಮ್ಮ ನಮ್ಮ ಮನೆಯಲ್ಲಿ ಯಾವ ಕೋಲು ಇನ್ನೂ ಮೂಲೆಯಲ್ಲಿದೆ? ಇಂದು ಒಮ್ಮೆ ನೋಡೋಣ.

ಜೈಭೀಮ್.