ಮನೆಯೇ ಶಾಲೆಯಾದಾಗ ರಜೆ ಎಂದರೇನು?

ಮಾರ್ಚ್ ತಿಂಗಳ ಕೊನೆಯ ಗಂಟೆ ಬಾರಿಸಿತೆಂದರೆ ನಮ್ಮ ಕಾಸರಗೋಡಿನ ಶಾಲೆಗಳ ಬಾಗಿಲು ಎರಡು ತಿಂಗಳ ಕಾಲ ಮುಚ್ಚುತ್ತದೆ. ಮತ್ತೆ ತೆರೆಯುವುದು ಜೂನ್ ಆರಂಭಕ್ಕೆ, ಮಳೆಯ ಜೊತೆಗೆ. ‘ಇಂದಿನಿಂದ ನಿನ್ನ ಹೊತ್ತು ನಿನ್ನದು’ ಎಂದು ಆ ಗಂಟೆ ಮಗುವಿಗೆ ಹೇಳುತ್ತದೆ. ಆದರೆ ಶಾಲೆಗೇ ಹೋಗದೆ, ಮನೆಯಲ್ಲಿ ತಂದೆತಾಯಿಯರಿಂದಲೇ ಕಲಿಯುವ ಮಕ್ಕಳಿಗೆ ಆ ಗಂಟೆಯನ್ನು ಬಾರಿಸುವವರು ಯಾರು? ಪ್ರಶ್ನೆ ಚಿಕ್ಕದಾಗಿ ತೋರಬಹುದು. ಮಗುವಿನ ಹೊತ್ತಿನ ಮೇಲೆ ಹಿರಿಯರಿಗೆ ಎಷ್ಟು ಹಕ್ಕಿದೆ ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ.

ನನ್ನ ತಂಗಿಯ ಮಗನೊಬ್ಬ ನಗರದ ಉದ್ಯೋಗ ಬಿಟ್ಟು ಊರಿನ ಅಡಕೆ ತೋಟಕ್ಕೆ ಮರಳಿದ್ದಾನೆ. ಅವನೂ ಅವನ ಪತ್ನಿಯೂ ತಮ್ಮ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾರೆ. ಬೆಳಗ್ಗೆ ಗಣಿತ ಮತ್ತು ಓದು, ಮಧ್ಯಾಹ್ನದ ಮೇಲೆ ತೋಟ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಹೇಗೆ ಒಸರುತ್ತದೆ, ಏಪ್ರಿಲ್‌ನಲ್ಲಿ ಅದೇಕೆ ಕ್ಷೀಣಿಸುತ್ತದೆ ಎಂಬುದೇ ಅವರಿಗೆ ಭೂಗೋಳದ ಪಾಠ. ಬಿಸು ಹಬ್ಬ ಸಮೀಪಿಸಿದಾಗ ನೆರೆಮನೆಯ ಮಕ್ಕಳು ಗೇರುಮರದ ಬುಡದಲ್ಲಿ ಆಡುತ್ತಿದ್ದುದನ್ನು ಕಂಡು ಹಿರಿಯ ಹುಡುಗಿ ನನ್ನನ್ನು ಕೇಳಿದಳು: “ಅಜ್ಜ, ನಮಗೂ ರಜೆ ಉಂಟಾ?” ಅವಳ ತಂದೆ ನಕ್ಕು, “ನಮ್ಮದು ಶಾಲೆಯೇ ಅಲ್ಲ, ಮತ್ತೆ ರಜೆ ಎಲ್ಲಿಂದ?” ಎಂದ. ಮಾತು ಚತುರವಾಗಿತ್ತು, ಹುಡುಗಿಗೆ ಸಮಾಧಾನವಾಗಲಿಲ್ಲ.

ಇಂತಹ ಕುಟುಂಬಗಳು ನಮ್ಮ ನಡುವೆ ವಿರಳ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳ ಕುರಿತು ಮಾತನಾಡುವಾಗ ಶಾಲೆಯನ್ನೇ ಕಣ್ಣಮುಂದೆ ಇಟ್ಟುಕೊಂಡಿದೆ. ಮನೆಯಲ್ಲಿ ಕಲಿತವರು ಮುಂದೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವುದುಂಟು. ಕಾಯಿದೆಯ ವಿಚಾರ ಬಲ್ಲವರಿಗಿರಲಿ. ನನಗೆ ಮುಖ್ಯವೆನಿಸುವುದು ಆ ಮನೆಯೊಳಗಿನ ಧರ್ಮಸೂಕ್ಷ್ಮ.

ಇತಿಹಾಸದಲ್ಲಿ ಇದಕ್ಕೆ ಎರಡು ದೊಡ್ಡ ನಿದರ್ಶನಗಳಿವೆ. 1806ರಲ್ಲಿ ಹುಟ್ಟಿದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್‌ಗೆ ತಂದೆಯೇ ಗುರು. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್. ದುಡಿಮೆಯ ಅಭ್ಯಾಸ ಕೆಟ್ಟೀತೆಂದು ತಂದೆ ರಜೆಯನ್ನೇ ಕೊಡಲಿಲ್ಲ. ಮಗ ಮಹಾವಿದ್ವಾಂಸನಾದ, ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ತೀವ್ರ ವಿಷಾದಕ್ಕೆ ಸಿಲುಕಿದ. ತಂದೆಯ ಮೇಲೆ ಅವನಿಗೆ ಗೌರವವಿತ್ತು. ಆದರೂ ಆ ಸಂಬಂಧದಲ್ಲಿ ಕೊರತೆಯಾದದ್ದು ಮಮತೆ ಎಂದು ಆತ್ಮಕಥೆಯಲ್ಲಿ ಬರೆದಿಟ್ಟ.

ಇನ್ನೊಂದು ನಿದರ್ಶನ ಗಾಂಧೀಜಿಯವರದು. ದಕ್ಷಿಣ ಆಫ್ರಿಕದಲ್ಲಿ ಅವರು ತಮ್ಮ ಮಕ್ಕಳನ್ನು ಅಲ್ಲಿನ ಶಾಲೆಗಳಿಗೆ ಕಳುಹಿಸದೆ ತಾವೇ ಕಲಿಸಲು ಹೊರಟರು. ಕಚೇರಿಗೆ ನಡೆಯುವ ದಾರಿಯೇ ಪಾಠದ ವೇಳೆಯಾಯಿತು. ಮಕ್ಕಳೊಡನೆ ಗುಜರಾತಿಯಲ್ಲೇ ಮಾತನಾಡಬೇಕೆಂದು ಅವರು ಹಟ ಹಿಡಿದಾಗ ಗೆಳೆಯ ಪೋಲಕ್ ವಾದ ಹೂಡಿದರು. ಸಾರ್ವಜನಿಕ ಕಾರ್ಯದ ನಡುವೆ ಅಕ್ಷರ ಕಲಿಸಲು ಸಾಕಷ್ಟು ಹೊತ್ತು ಸಿಗಲಿಲ್ಲವೆಂದೂ, ಮಕ್ಕಳಿಗೆ ಈ ಬಗ್ಗೆ ದೂರಿತ್ತೆಂದೂ ಗಾಂಧೀಜಿ ಮರೆಮಾಚದೆ ಹೇಳಿದ್ದಾರೆ. ಒಬ್ಬ ತಂದೆ ಮಗನ ಹೊತ್ತನ್ನೆಲ್ಲ ಪಾಠಕ್ಕೆ ಎಳೆದುಕೊಂಡ. ಇನ್ನೊಬ್ಬ ತಂದೆಗೆ ಪಾಠಕ್ಕೆ ಹೊತ್ತೇ ಒದಗಲಿಲ್ಲ. ಇಬ್ಬರೂ ಸತ್ಯವಂತರು, ಮಕ್ಕಳ ಹಿತವನ್ನೇ ಬಯಸಿದವರು. ಸದುದ್ದೇಶವೊಂದೇ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಶಾಲೆಯಲ್ಲಿ ಗುರುಗಳು ಗದರಿದರೆ ಮಗುವಿಗೆ ಮನೆಯೆಂಬ ಆಸರೆಯಿದೆ. ಮನೆಯಲ್ಲಿ ತಾಯಿ ಗದರಿದರೆ ಶಾಲೆಯ ಗೆಳೆಯರಿದ್ದಾರೆ. ಎರಡು ಲೋಕಗಳಿರುವುದರಿಂದ ಒಂದರ ಸೋಲನ್ನು ಇನ್ನೊಂದು ತೂಗಿಸುತ್ತದೆ. ತಾಯಿಯೇ ಗುರುವಾದಾಗ, ಲೆಕ್ಕ ತಪ್ಪಿದ ಮಗು ಯಾರ ಸೆರಗಿನಲ್ಲಿ ಮುಖ ಮರೆಸಬೇಕು? ಅಳೆಯುವ ಕಣ್ಣೂ ಅಕ್ಕರೆಯ ಕಣ್ಣೂ ಒಂದೇ ಮುಖದಲ್ಲಿದ್ದರೆ ಮಗುವಿಗೆ ಗೊಂದಲ ಸಹಜ. ಆದ್ದರಿಂದ ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಕಲಿಕೆಗೆ ರಜೆ ಬೇಕಿಲ್ಲ, ಅಳೆಯುವ ಕಣ್ಣಿಗೆ ರಜೆ ಬೇಕು. ಓಲಿಚಾಪೆಯ ಮೇಲೆ ಹಲಸಿನ ಹಪ್ಪಳ ಹರಡುವಾಗ, ಮಾವಿನ ರಸವನ್ನು ಪದರಪದರವಾಗಿ ಹಚ್ಚಿ ಮಾಂಬಳ ಒಣಗಿಸುವಾಗ ಮಗು ಎಣಿಸುತ್ತದೆ, ಬಿಸಿಲನ್ನು ಅಂದಾಜಿಸುತ್ತದೆ, ಕಾಯುವುದನ್ನು ಕಲಿಯುತ್ತದೆ. ಅಲ್ಲಿಗೆ ಹಿರಿಯರು ಪುಸ್ತಕ ಹಿಡಿದು ಬಂದು, ‘ಹಾಗಾದರೆ ಒಂದು ಸಾಲಿಗೆ ಎಂಟರಂತೆ ಆರು ಸಾಲಿಗೆ ಎಷ್ಟು?’ ಎಂದು ಕೇಳಿದ ಕ್ಷಣವೇ ಅಂಗಳ ಮತ್ತೆ ತರಗತಿಯಾಗುತ್ತದೆ.

‘ಕಣ್ಣು ತೆಗೆದರೆ ಮಕ್ಕಳು ಕಲಿತದ್ದನ್ನು ಮರೆಯುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಸ್ವಲ್ಪ ಮರೆಯುತ್ತಾರೆ, ಶಾಲೆಯ ಮಕ್ಕಳೂ ಮರೆಯುತ್ತಾರೆ. ಜೂನ್ ತಿಂಗಳ ಮೊದಲೆರಡು ವಾರ ಹಳೆಯ ಪಾಠವನ್ನೇ ತಿರುವಿ ಹಾಕುವುದು ಪ್ರತಿಯೊಬ್ಬ ಅಧ್ಯಾಪಕನ ಅನುಭವ. ಮರೆತ ಮಗ್ಗಿ ಮರಳಿ ಬರುತ್ತದೆ. ಓದಿನ ಮೇಲೆ ಹುಟ್ಟಿದ ಜುಗುಪ್ಸೆ ಸುಲಭವಾಗಿ ಅಳಿಯುವುದಿಲ್ಲ. ಇನ್ನೊಂದು ಮಾತೂ ಉಂಟು. ಶಾಲೆಯ ದೊಡ್ಡ ಕೊಡುಗೆ ಪಾಠಕ್ಕಿಂತಲೂ ಪರರ ಮಕ್ಕಳು. ಬೇರೆ ಜಾತಿ, ಬೇರೆ ಮಾತು, ಬೇರೆ ಊಟದ ಬುತ್ತಿಗಳು ಒಂದೇ ಬೆಂಚಿನಲ್ಲಿ ಕೂರುತ್ತವೆ. ಮನೆಯಲ್ಲಿ ಕಲಿಯುವ ಮಗುವಿಗೆ ಇದು ಸಲೀಸಾಗಿ ದಕ್ಕುವುದು ಬೇಸಗೆಯಲ್ಲಿ, ಊರಿನ ಮಕ್ಕಳೆಲ್ಲ ಗುಡ್ಡಕ್ಕೆ ಇಳಿದಾಗ. ಆಗಲೂ ಅವರನ್ನು ಪುಸ್ತಕದ ಮುಂದೆ ಕೂರಿಸುವುದು ಅನ್ಯಾಯ.

ಗಡಿನಾಡಿನ ನಮಗೆ ಈ ವಿಚಾರ ಪರರದಲ್ಲ. ಹಲವರ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ, ಕಚೇರಿಯದು ಮಲಯಾಳ, ಮೊಮ್ಮಕ್ಕಳ ಶಾಲೆಯದು ಇಂಗ್ಲಿಷ್. ಹಿಂದೆ ಶಾಲೆ ಕೊಡುತ್ತಿದ್ದ ಕನ್ನಡವನ್ನು ಇಂದು ಮನೆಯೇ ಕೊಡಬೇಕಾಗಿದೆ, ಅದೂ ಹೆಚ್ಚಾಗಿ ಬೇಸಗೆ ರಜೆಯಲ್ಲಿ. ಹಾಗೆ ನೋಡಿದರೆ ಏಪ್ರಿಲ್, ಮೇ ತಿಂಗಳಲ್ಲಿ ನಾವೆಲ್ಲರೂ ಮನೆಯಲ್ಲಿ ಶಾಲೆ ನಡೆಸುವವರೇ. ದಿನಕ್ಕೆ ಎರಡು ಪುಟ ಕಾಪಿ ಬರೆಯದೆ ಆಟವಿಲ್ಲ ಎಂದು ಕಟ್ಟು ಮಾಡಿದರೆ ಮಗುವಿನ ಮನಸ್ಸಿನಲ್ಲಿ ಕನ್ನಡವೆಂದರೆ ರಜೆಯನ್ನು ಕಸಿದ ಭಾಷೆ ಎಂದಾಗುತ್ತದೆ. ಅದರ ಬದಲು ರಾತ್ರಿ ಯಕ್ಷಗಾನಕ್ಕೆ ಕರೆದೊಯ್ಯೋಣ. ಮರುದಿನ ಅರ್ಥಗಾರಿಕೆಯ ಕುರಿತು ಅವರೇ ಕೇಳಲಿ. ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನು ಕೈಗೆಟಕುವಲ್ಲಿ ಇಟ್ಟು ಸುಮ್ಮನಿರೋಣ. ಅಜ್ಜಿಗೆ ದಿನಪತ್ರಿಕೆ ಓದಿ ಹೇಳುವ ಕೆಲಸ ಮೊಮ್ಮಗನದಾಗಲಿ. ತಪ್ಪಿದರೆ ಅಜ್ಜಿ ನಗಲಿ, ಅಂಕ ಕೊಡುವುದು ಬೇಡ.

ಭಾಷೆಯನ್ನು ಮುಂದಿನ ತಲೆಮಾರಿಗೆ ದಾಟಿಸುವ ಋಣ ನಮ್ಮದು, ಮಕ್ಕಳದ್ದಲ್ಲ. ನಮ್ಮ ಋಣವನ್ನು ಅವರ ಬಿಡುವಿನಿಂದ ತೀರಿಸಹೊರಡುವುದು ನ್ಯಾಯವಲ್ಲ. ನಮ್ಮ ಬಿಡುವಿನಿಂದ ತೀರಿಸೋಣ. ಅವರ ಜೊತೆ ಕೂತು, ಕನ್ನಡದಲ್ಲಿ ಮಾತನಾಡಿ, ಅವರ ಮಾತನ್ನು ಕೊನೆಯವರೆಗೆ ಕೇಳುವ ಹೊತ್ತು ನಮಗಿದೆಯೇ ಎಂಬುದನ್ನು ಈ ಬೇಸಗೆಯಲ್ಲಿ ಪ್ರತಿ ಮನೆಯೂ ತನ್ನನ್ನು ಕೇಳಿಕೊಳ್ಳಬೇಕು.