ಇಂದಿನ ಧಮ್ಮ ಚಿಂತನೆ: ಪೊರೆ ಇರಲಿ, ಬಾಗಿಲೂ ಇರಲಿ



ಕಳೆದ ವಾರ ವಿಜ್ಞಾನದ ಮೇಷ್ಟ್ರು ತರಬೇತಿಗೆ ಹೋಗಿದ್ದರು. ಕನ್ನಡ ಹೇಳಿಕೊಡುವ ನಾನು ಅವರ ಬದಲಿಗೆ ಒಂಬತ್ತನೇ ತರಗತಿಗೆ ಹೋದೆ. ಪಾಠ ಜೀವಕೋಶದ್ದು. ಹಿಂದಿನ ದಿನ ನೀರಲ್ಲಿ ನೆನೆಹಾಕಿದ್ದ ಒಣದ್ರಾಕ್ಷಿ ಉಬ್ಬಿ ದುಂಡಗಾಗಿತ್ತು. ನೀರು ಪೊರೆ ದಾಟಿ ಒಳಗೆ ಹೋದದ್ದಕ್ಕೆ ಹಾಗಾಯಿತು, ಅದನ್ನು ಅಭಿಸರಣೆ ಎನ್ನುತ್ತಾರೆ ಎಂದೆ. ಕೊನೆ ಬೆಂಚಿನ ಹುಡುಗಿ ಕೇಳಿದಳು: "ಪೊರೆ ಯಾಕೆ ಬೇಕು ಮಿಸ್? ಅದಿಲ್ಲದಿದ್ರೆ ಎಲ್ಲ ಸಲೀಸಾಗಿ ಒಳಗೆ ಬರ್ತಿತ್ತಲ್ಲ?"

ಅಂದು ರಾತ್ರಿ ಕೂತು ಓದಿದೆ. ಪೊರೆ ಇಲ್ಲದಿದ್ದರೆ 'ಒಳಗೆ' ಎಂಬುದೇ ಇರುವುದಿಲ್ಲ. ಕೋಶದೊಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ನರಗಳ ಸಂದೇಶ, ಹೃದಯದ ಬಡಿತ ಈ ವ್ಯತ್ಯಾಸದಿಂದಲೇ ನಡೆಯುತ್ತವೆ. ಪೊರೆ ಹರಿದರೆ ಒಳಗಿನದು ಹೊರಗೆ ಸೋರಿ ಕೋಶ ಸಾಯುತ್ತದೆ. ಪೂರ್ತಿ ಮುಚ್ಚಿಬಿಟ್ಟರೂ ಸಾಯುತ್ತದೆ. ಆಮ್ಲಜನಕ, ಗ್ಲೂಕೋಸ್ ಬರಬೇಕು, ಕೊಳೆ ಹೊರಗೆ ಹೋಗಬೇಕು. ಅದಕ್ಕೇ ಈ ಪೊರೆ ಕೇವಲ 7-8 ನ್ಯಾನೋಮೀಟರ್ ದಪ್ಪ. ಒಂದು ಮಿಲಿಮೀಟರಿನಲ್ಲಿ ಇಂಥ ಲಕ್ಷಕ್ಕೂ ಹೆಚ್ಚು ಪೊರೆ ಒಂದರ ಮೇಲೊಂದು ಕೂರುತ್ತವೆ. ಕೊಬ್ಬಿನ ಎರಡು ಪದರ, ನಡುನಡುವೆ ಪ್ರೋಟೀನಿನ ಬಾಗಿಲು. ಅಲ್ಲಿರುವ ಒಂದು ಬಗೆಯ ಪಂಪು ಪ್ರತಿ ಸಲ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಈ ಕೆಲಸ ನಿಂತರೆ ಕೋಶ ನೀರು ತುಂಬಿ ಊದಿಕೊಳ್ಳುತ್ತದೆ. ಬದುಕಿರುವಷ್ಟು ಹೊತ್ತೂ ಬಾಗಿಲು ಕಾಯುತ್ತಲೇ ಇರಬೇಕು.

ಹಳಗನ್ನಡದಲ್ಲಿ 'ಪೊರೆ' ಎಂದರೆ ಸಲಹು, ಕಾಪಾಡು ಎಂಬ ಅರ್ಥವೂ ಇದೆ. ಎಂ.ಎ. ಓದುವಾಗ ಕಲಿತ ಆ ಪದ ನನಗೆ ಈಗ ಅರ್ಥವಾಯಿತು.

ಅದೇ ವಾರ ಅಕ್ಕ ಫೋನ್ ಮಾಡಿದಳು. ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ಮನೆಯವರೂ ದೀಕ್ಷೆ ತೆಗೆದುಕೊಂಡವರು. ನನ್ನ ಬಾಯಿಂದ ಮೊದಲು ಬಂದ ಮಾತು: "ಅವರು ಬಲಗೈನವರಾ, ಎಡಗೈನವರಾ?" ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೂ ಹಿಂಗೇ ಕೇಳ್ತೀಯಲ್ಲೇ" ಅಂದಳು. 22 ಪ್ರತಿಜ್ಞೆಗಳನ್ನು ಬಾಯಿಪಾಠ ಹೇಳುವವಳು ನಾನು. ಅಂದು ರಾತ್ರಿ ನಿದ್ದೆ ಬರಲಿಲ್ಲ.

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಬಾಬಾಸಾಹೇಬರು ಜಾತಿಯನ್ನು ಬಾಗಿಲು ಮುಚ್ಚಿಕೊಂಡ ವರ್ಗವೆಂದು ತೋರಿಸಿದರು. ತಮ್ಮತಮ್ಮಲ್ಲೇ ಮದುವೆ ಎಂಬುದೇ ಅದರ ಬೀಗ. 1936ರ 'ಜಾತಿ ವಿನಾಶ'ದಲ್ಲಿ ಆದರ್ಶ ಸಮಾಜವನ್ನು ವಿವರಿಸುವಾಗ ಅವರು ಬಳಸಿದ ಒಂದು ಪದ 'ಎಂಡಾಸ್ಮೋಸಿಸ್'. ಪೊರೆಯ ಮೂಲಕ ಒಳಗೆ ಹರಿಯುವುದು ಎಂದರ್ಥ. ನಮ್ಮ ಒಣದ್ರಾಕ್ಷಿಯ ಪಾಠವೇ ಅದು!

ಹಾಗಾದರೆ ನಮಗೆ ಗಡಿಯೇ ಬೇಡವೇ? ಬೇಕು. ಪಂಚಶೀಲ ಒಂದು ಗಡಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಪ್ರತಿಜ್ಞೆಗಳೂ ಗಡಿಯೇ. ಅವಿಲ್ಲದಿದ್ದರೆ ಹಳೆಯದೆಲ್ಲ ಮತ್ತೆ ಒಳಗೆ ನುಗ್ಗಿ ನಾವು ನಾವಾಗಿ ಉಳಿಯುವುದಿಲ್ಲ. ಭಗವಾನ್ ಬುದ್ಧರ ಸಂಘಕ್ಕೂ ವಿನಯದ ನಿಯಮಗಳಿದ್ದವು. ಆದರೆ ಕ್ಷೌರಿಕನಾಗಿದ್ದ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲೇ ಪ್ರವ್ರಜ್ಯೆ ಸಿಕ್ಕಿತು. ಕಸ ಬಳಿಯುತ್ತಿದ್ದ ಸುನೀತನೂ ಭಿಕ್ಖುವಾದ. ಆ ಬಾಗಿಲಲ್ಲಿ ಕೇಳುತ್ತಿದ್ದದ್ದು ನಡತೆಯನ್ನು. ನಾನು ಕೇಳಿದ್ದು ಹುಟ್ಟನ್ನು.

ಒಂದು ಎಚ್ಚರವೂ ಇರಲಿ. ಸಮಾಜವನ್ನು ದೇಹಕ್ಕೆ ಹೋಲಿಸಿ ಒಬ್ಬರನ್ನು ತಲೆಗೆ, ಇನ್ನೊಬ್ಬರನ್ನು ಪಾದಕ್ಕೆ ಇಟ್ಟವರು ನಮ್ಮನ್ನು ಆ ದೇಹದಿಂದಲೇ ಹೊರಗಿಟ್ಟರು. ಆದ್ದರಿಂದ ಕೋಶವನ್ನು ತೋರಿಸಿ ನಾನು ಏನನ್ನೂ ಸಾಬೀತು ಮಾಡಲು ಹೊರಟಿಲ್ಲ. ಕೋಶಕ್ಕೆ ಬೇರೆ ದಾರಿಯಿಲ್ಲ, ನಮಗೆ ಆಯ್ಕೆಯಿದೆ. ನಮ್ಮ ಬಾಗಿಲಲ್ಲಿ ಯಾವ ಪ್ರಶ್ನೆ ಕೇಳಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.

ನಿನ್ನೆ ಅಕ್ಕನಿಗೆ ನಾನೇ ಫೋನ್ ಮಾಡಿದೆ. ಹುಡುಗ ಕುಡಿಯುತ್ತಾನಾ, ಸುಳ್ಳು ಹೇಳುತ್ತಾನಾ, ಮನೆಯ ಹೆಣ್ಣುಮಕ್ಕಳ ಜೊತೆ ಹೇಗೆ ಮಾತಾಡುತ್ತಾನೆ ಎಂದು ಕೇಳಿದೆ. "ಇದನ್ನ ಮೊದಲೇ ಕೇಳಬೇಕಿತ್ತು" ಅಂದಳು.

ಇಂದು ಹೊಸಬರೊಬ್ಬರು ಎದುರಾದಾಗ ನಮ್ಮ ಮನಸ್ಸು ಮೊದಲು ಏನು ಕೇಳುತ್ತದೆ? ಅದೊಂದನ್ನು ಗಮನಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.