ಬೇಡ ಎನ್ನುವ ಹಕ್ಕು ಯಾರದು?

ಸಾವನ್ನು ಶಾಂತವಾಗಿ ಒಪ್ಪಿಕೊಳ್ಳುವುದು ದೊಡ್ಡ ಗುಣ ಅಂತ ನಮಗೆ ಹೇಳಿಕೊಡುತ್ತಾ ಬಂದಿದ್ದಾರೆ. ಐನ್‌ಸ್ಟೀನ್ ಸತ್ತ ರೀತಿಯನ್ನು ಇದಕ್ಕೆ ಉದಾಹರಣೆ ಕೊಡುವುದುಂಟು. ಗೆಳೆಯರೆ, ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೃದಯದಿಂದ ಹೊರಟು ಹೊಟ್ಟೆಗಿಳಿಯುವ ಮಹಾಪಧಮನಿ ದೇಹದ ಅತಿ ದೊಡ್ಡ ರಕ್ತನಾಳ. ಅದರ ಗೋಡೆ ಸವೆದರೆ ಹಳೇ ಸೈಕಲ್ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬುತ್ತದೆ. ಎಷ್ಟೋ ಸಲ ನೋವೂ ಇರುವುದಿಲ್ಲ. ಒಡೆದರೆ ಮಾತ್ರ ರಕ್ತ ಒಳಗೇ ಸುರಿದುಹೋಗುತ್ತದೆ. ಆಗ ತಡಮಾಡದೆ ಆಪರೇಷನ್ ಆಗಬೇಕು. ಹೊಟ್ಟೆ ಕೊಯ್ದು, ಒಡೆದ ಜಾಗದ ಮೇಲ್ಗಡೆ ನಾಳವನ್ನು ಇಕ್ಕಳದಿಂದ ಬಿಗಿಹಿಡಿದು, ಪಾಲಿಯೆಸ್ಟರ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ತೊಡೆಸಂದಿನ ನಾಳದಿಂದ ಕೊಳವೆ ತೂರಿಸುವ ಕ್ರಮವೂ ಈಗ ಇದೆ. ಇಷ್ಟಾದರೂ ಬಹಳ ಜನ ಉಳಿಯುವುದಿಲ್ಲ. ಆಸ್ಪತ್ರೆ ಮುಟ್ಟದೆಯೇ ಸಾಯುವವರೂ ಬಹಳ.

ಐನ್‌ಸ್ಟೀನ್‌ಗೆ ಈ ಉಬ್ಬು ಮೊದಲೇ ಗೊತ್ತಿತ್ತು. 1948ರಲ್ಲಿ ನ್ಯೂಯಾರ್ಕಿನಲ್ಲಿ ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಅದಕ್ಕೆ ಸೆಲ್ಲೋಫೇನ್ ಹಾಳೆ ಸುತ್ತಿದ್ದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಕೆಟ್ಟ ನಾಳ ತೆಗೆದು ಬೇರೆಯದನ್ನು ಕೂರಿಸುವುದನ್ನು ಪ್ಯಾರಿಸ್ಸಿನ ಸರ್ಜನ್ ಚಾರ್ಲ್ಸ್ ದ್ಯುಬೋ 1951ರಲ್ಲೇ ಮಾಡಿ ತೋರಿಸಿದ್ದರು. ಪ್ರಿನ್ಸ್‌ಟನ್‌ಗೆ ನ್ಯೂಯಾರ್ಕಿನಿಂದ ಸರ್ಜನ್ ಬಂದರು. ಐನ್‌ಸ್ಟೀನ್ ಬೇಡ ಅಂದರು. ಕೃತಕವಾಗಿ ಆಯುಸ್ಸು ಎಳೆಯುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಏಪ್ರಿಲ್ 18ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ತೀರ್ಮಾನವನ್ನು ಗೌರವಿಸೋಣ. ಆದರೆ ಅವರನ್ನು ಕೇಳೋರಿದ್ದರು ಅನ್ನೋದನ್ನ ಮರೀಬಾರದು. 'ಬೇಕಾ?' ಅಂತ ಯಾರಾದರೂ ಕೇಳಿದರೆ ತಾನೆ 'ಬೇಡ' ಅನ್ನೋ ಮಾತಿಗೆ ಬೆಲೆ?

ನಮ್ಮ ದೇಶದಲ್ಲಿ ಕೂಲಿಯವನನ್ನು ಕೇಳೋರು ಯಾರು? 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಒಬ್ಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆಗೆ ಬಲವಾದ ಪೆಟ್ಟಾಯಿತು. ಗಾಯ ಬೇರೆ, ಆದರೆ ಇದೂ ಹೊತ್ತು ಮೀರಿದರೆ ಜೀವ ಹೋಗುವಂಥದೇ. ಹಾಸಿಗೆಯಿಲ್ಲ, ಸೌಕರ್ಯವಿಲ್ಲ ಅಂತ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿದವು. ಕೊನೆಗೆ ದುಡ್ಡು ಸುರಿದು ಖಾಸಗಿ ಆಸ್ಪತ್ರೆ ಸೇರಬೇಕಾಯಿತು. ಕೃಷಿಕೂಲಿಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕು ಇಲ್ಲಿ ಮುರಿದಿದೆ, ಹಣವಿಲ್ಲವೆಂದು ಸರ್ಕಾರ ನುಣುಚಿಕೊಳ್ಳುವಂತಿಲ್ಲ ಎಂದು 1996ರಲ್ಲಿ ತೀರ್ಪಾಯಿತು. 25,000 ರೂಪಾಯಿ ಪರಿಹಾರವೂ ಸಿಕ್ಕಿತು.

ಬಡವ ಆಪರೇಷನ್ನಿಲ್ಲದೆ ಸತ್ತರೆ ಹಣೆಬರಹ ಅಂತಾರೆ. ಪಾಪ, ಗೊಣಗದೆ ಹೋದ ಅಂತಾರೆ. ಯಾರೂ ಕೇಳದೇ ಹೋದವನ ಮೌನವನ್ನು ಒಪ್ಪಿಗೆ ಅನ್ನೋದು ಮೋಸ. ಮೊದಲು ಆಸ್ಪತ್ರೆಯ ಬಾಗಿಲು ತೆಗೆಯಲಿ. ಬೇಕೋ ಬೇಡವೋ ಆಮೇಲೆ ನಾವೇ ಹೇಳುತ್ತೇವೆ.